ಕಾರ್ಖಾನೆಯಲ್ಲಿ ಸಿದ್ಧವಾಗುವ ಹೋಟೆಲ್ ಕೋಣೆಗಳು: ಬಲ್ಲವರು ತಿಳಿಸಿ

ಪ್ರಶ್ನೆ: ಸಕಲೇಶಪುರದ ಬಳಿ ಮೂರಂತಸ್ತಿನ ಹೋಟೆಲ್ ಕಟ್ಟಬೇಕೆಂದಿದ್ದೇವೆ. ಕೋಣೆಗಳನ್ನು ಕಾರ್ಖಾನೆಯಲ್ಲೇ ತಯಾರಿಸಿ ತಂದು ಜೋಡಿಸಬಹುದು, ಹಳತಾದದ್ದನ್ನು ಹೊರಗೆಳೆದು ಹೊಸದನ್ನು ಸೇರಿಸಬಹುದು, ಫ್ಲೋರಿಡಾದ ಡಿಸ್ನಿ ಹೋಟೆಲಿನಲ್ಲಿ ಹಾಗೆಯೇ ಮಾಡುತ್ತಾರೆ ಎಂದು ಪರಿಚಿತರೊಬ್ಬರು ಹೇಳಿದರು. ಇದು ನಿಜವೇ? ಅಷ್ಟು ಹಗುರವಾದ ಕಟ್ಟಡ ಬಾಳುತ್ತದೆಯೇ?

ಉತ್ತರ 1: ಮೇಜಿನ ಡ್ರಾಯರಿನಂತೆ ಕೋಣೆಯನ್ನು ಎಳೆಯಬಹುದೆಂಬ ಕಥೆಯನ್ನು ನಂಬಿ ದಯವಿಟ್ಟು ಹಣ ಹೂಡಬೇಡಿ. 1971ರಲ್ಲಿ ತೆರೆದ ಡಿಸ್ನಿಯ ಕಂಟೆಂಪೊರರಿ ಹೋಟೆಲಿನ ಕೋಣೆಗಳನ್ನು ಯು.ಎಸ್. ಸ್ಟೀಲ್ ಸಂಸ್ಥೆ ಸಮೀಪದಲ್ಲೇ ತಯಾರಿಸಿ, ಉಕ್ಕಿನ ಹಂದರದೊಳಗೆ ಕ್ರೇನಿನಿಂದ ಕೂರಿಸಿದ್ದು ನಿಜ. ಆದರೆ ನೀರು, ಒಳಚರಂಡಿ, ವಿದ್ಯುತ್ ಸಂಪರ್ಕಗಳೆಲ್ಲ ಕೂಡಿಕೊಂಡ ಮೇಲೆ ಅವು ಕಟ್ಟಡದ ಅಂಗವೇ ಆದವು. ಮುಂದಿನ ನವೀಕರಣವೆಲ್ಲ ಕೋಣೆಯ ಒಳಗೇ ನಡೆದಿದೆ. ಬದಲಿಸಲೆಂದೇ ಕಟ್ಟಿದ ಕಟ್ಟಡವೂ ಒಂದಿತ್ತು. ಕಿಶೋ ಕುರೊಕಾವಾ ವಿನ್ಯಾಸದ ಟೋಕಿಯೊದ ನಕಾಗಿನ್ ಕ್ಯಾಪ್ಸೂಲ್ ಗೋಪುರದಲ್ಲಿ (1972) 140 ಕ್ಯಾಪ್ಸೂಲುಗಳಿದ್ದು (ಪೆಟ್ಟಿಗೆಯಂಥ ಪುಟ್ಟ ಕೋಣೆಗಳು), ಪ್ರತಿಯೊಂದನ್ನೂ ನಾಲ್ಕೇ ಬೋಲ್ಟುಗಳಿಂದ ಬಿಗಿಯಲಾಗಿತ್ತು. ಸುಮಾರು 25 ವರ್ಷಕ್ಕೊಮ್ಮೆ ಬದಲಿಸುವುದು ಉದ್ದೇಶವಾಗಿದ್ದರೂ, 2022ರಲ್ಲಿ ಗೋಪುರವನ್ನು ಬಿಚ್ಚಿಹಾಕುವವರೆಗೂ ಆ ಕೆಲಸ ಆಗಲೇ ಇಲ್ಲ.

ಉತ್ತರ 2: ಬಾಳಿಕೆಯ ಬಗ್ಗೆ ಅಂಜಬೇಕಿಲ್ಲ. ಟೆಕ್ಸಾಸಿನ ಸ್ಯಾನ್ ಆಂಟೋನಿಯೊದಲ್ಲಿ 1968ರ ವಿಶ್ವಮೇಳಕ್ಕಾಗಿ ಝ್ಯಾಕ್ರಿ ಸಂಸ್ಥೆ ಕಟ್ಟಿದ ಹಿಲ್ಟನ್ ಹೋಟೆಲಿನಲ್ಲಿ, ಪೀಠೋಪಕರಣ ಸಮೇತ ಸಿದ್ಧಪಡಿಸಿದ ಕಾಂಕ್ರೀಟ್ ಕೋಣೆಗಳನ್ನು ಒಂದರ ಮೇಲೊಂದು ಏರಿಸಿದರು. ಅರ್ಧ ಶತಮಾನ ಕಳೆದರೂ ಅಲ್ಲಿ ಅತಿಥಿಗಳು ತಂಗುತ್ತಲೇ ಇದ್ದರು. ಲಾರಿಯ ಕುಲುಕಾಟವನ್ನೂ ಕ್ರೇನಿನ ಎತ್ತುವಿಕೆಯನ್ನೂ ತಾಳಬೇಕಾದ್ದರಿಂದ ಇಂಥ ಕೋಣೆಯ ಚೌಕಟ್ಟು ಗಟ್ಟಿಯಾಗಿರಲೇಬೇಕು. ಅಕ್ಕಪಕ್ಕದ ಕೋಣೆಗಳಿಗೆ ಬೇರೆಬೇರೆ ಗೋಡೆಗಳಿರುವುದರಿಂದ ಸದ್ದೂ ಕಡಿಮೆ. ನಿಜವಾದ ಲಾಭ ಸಮಯದ್ದು, ಏಕೆಂದರೆ ಇಲ್ಲಿ ಅಡಿಪಾಯ ಏಳುತ್ತಿರುವಾಗಲೇ ಅಲ್ಲಿ ಕೋಣೆಗಳು ಸಿದ್ಧವಾಗುತ್ತಿರುತ್ತವೆ.

ಉತ್ತರ 3: ಇಂಥ ಕಟ್ಟಡವೊಂದರ ಜೋಡಣೆಯ ಮೇಲ್ವಿಚಾರಣೆ ನೋಡಿಕೊಂಡವನಾಗಿ ಹೇಳುತ್ತೇನೆ, ಮಲೆನಾಡಿನಲ್ಲಿ ನಿಮ್ಮ ಮೊದಲ ಚಿಂತೆ ಮಳೆಯದಾಗಿರಲಿ. ಎರಡು ಕೋಣೆಗಳ ನಡುವಿನ ಸಂದನ್ನು ಮುಚ್ಚುವ ಮುನ್ನವೇ ಮಳೆ ಹಿಡಿದು, ಮೇಲಿನಿಂದ ಇಳಿದ ನೀರು ಕೆಳಗಿನ ಕೋಣೆಯ ಪ್ಲೈವುಡ್ ನೆಲದಡಿ ಸೇರಿಕೊಂಡಿತು. ಹೊರಗೆ ಏನೂ ಕಾಣಲಿಲ್ಲ, ವಾರಗಳ ನಂತರ ನೆಲ ಉಬ್ಬಿ ಬಾಗಿಲು ಉಜ್ಜತೊಡಗಿತು. ಆದ್ದರಿಂದ ಜೋಡಣೆಯನ್ನು ಬೇಸಿಗೆಗೇ ನಿಗದಿಪಡಿಸಿ, ತಾತ್ಕಾಲಿಕ ಹೊದಿಕೆಯ ಹೊಣೆ ಯಾರದೆಂಬುದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ. ಸಾಗಣೆಯೂ ಸುಲಭವಲ್ಲ: ನಮ್ಮ ನಿಯಮದಂತೆ ವಾಹನದ ಅಗಲದ ಮಿತಿ 2.6 ಮೀಟರ್, ಅದಕ್ಕಿಂತ ಅಗಲವಾದುದಕ್ಕೆ ವಿಶೇಷ ಅನುಮತಿ ಬೇಕು. ತೋಟದ ದಾರಿಯ ತಿರುವುಗಳನ್ನು, ಕ್ರೇನ್ ನಿಲ್ಲುವ ಜಾಗವನ್ನು ಅಳೆಯದೆ ಮುಂಗಡ ಕೊಡಬೇಡಿ. ಕೊಳವೆಗಳ ಕಿಂಡಿ ಕೋಣೆಯ ಹೊರಗಿನ ಕಾರಿಡಾರಿನ ಕಡೆಗೇ ತೆರೆಯುವಂತಿದ್ದರೆ ಅತಿಥಿ ಒಳಗಿರುವಾಗಲೂ ರಿಪೇರಿ ಸಾಧ್ಯ. ಉಳಿದ ಕೋಣೆಗಳಿಗೆ ಒಪ್ಪಿಗೆ ಕೊಡುವ ಮೊದಲು ಒಂದು ಮಾದರಿ ಕೋಣೆಯನ್ನು ತರಿಸಿ, ನಿಮ್ಮ ಜಾಗದಲ್ಲೇ ಒಂದು ಮಳೆಗಾಲ ನಿಲ್ಲಿಸಿ ನೋಡಿ.