ಚೀಟಿ ಕಳೆದರೆ ದುಡ್ಡು ಕಳೆದ ಹಾಗಲ್ಲ, ಚಿಕ್ಕಮ್ಮ

ಚಿಕ್ಕಮ್ಮ, ನಿಮ್ಮ ಮೆಸೇಜು ಬೆಳಿಗ್ಗೆಯೇ ನೋಡಿದೆ. ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಉತ್ತರ ಕೊಡಲಿಕ್ಕೆ ಆಗಲಿಲ್ಲ. ಈಗ ಊಟ ಮುಗಿಸಿ ಕೂತಿದ್ದೇನೆ. ವಾಯ್ಸ್ ಕಳಿಸೋಣ ಅಂದರೆ ಶಿರಸಿಯಲ್ಲಿ ಮಳೆ ತಗಡಿನ ಮೇಲೆ ಹೊಡೆಯುತ್ತಿದೆ, ನನ್ನ ಒಂದು ಮಾತೂ ನಿಮಗೆ ಕೇಳಲಿಕ್ಕಿಲ್ಲ. ಅದಕ್ಕೇ ಮಾತಾಡುವ ಹಾಗೇ ಬರೆಯುತ್ತೇನೆ. ಉದ್ದ ಆಗುತ್ತದೆ, ಆದರೂ ಎಲ್ಲರೂ ಓದಿ.

ಬೆಳಿಗ್ಗೆ ಗ್ರೂಪ್ ನೋಡದವರಿಗೆ ವಿಷಯ ಇಷ್ಟು. ಏಪ್ರಿಲ್‌ನಲ್ಲಿ ಮದುವೆ ಜವಳಿಗೆ ಹುಬ್ಬಳ್ಳಿಗೆ ಹೋದಾಗ ಚಿಕ್ಕಮ್ಮ 4,200 ರೂಪಾಯಿಯ ಸೀರೆ ತಂದಿದ್ದರು. ಕುಮಟಾಕ್ಕೆ ಬಂದು ಮಡಿಕೆ ಬಿಚ್ಚಿದರೆ ಸೆರಗಿನ ಹತ್ತಿರ ನೇಯ್ಗೆಯೇ ಬಿಟ್ಟಿತ್ತು. ಐದನೇ ದಿನ ವಾಪಸ್ ಒಯ್ದರು. ಅಂಗಡಿಯವರು ಸೀರೆ ಇಟ್ಟುಕೊಂಡರು, ದುಡ್ಡು ಕೊಡಲಿಲ್ಲ. 4,200ಕ್ಕೆ ಒಂದು ಕ್ರೆಡಿಟ್ ನೋಟ್ ಕೊಟ್ಟು, ಆರು ತಿಂಗಳೊಳಗೆ ಬೇರೆ ಏನಾದರೂ ತಗೊಳ್ಳಿ ಅಂದರು. ಆ ಚೀಟಿ ಈಗ ಸಿಗುತ್ತಿಲ್ಲ. ಫೋನ್ ಮಾಡಿದರೆ "ಚೀಟಿ ಇಲ್ಲದೆ ಏನೂ ಮಾಡಲಿಕ್ಕೆ ಬರುವುದಿಲ್ಲ" ಅಂದರಂತೆ. ಕಾರವಾರದ ಭಾವ "ಹೋದದ್ದು ಹೋಯ್ತು, ಬಿಡಿ" ಅಂತ ಬರೆದಿದ್ದಾರೆ.

ಭಾವ, ಬೇಸರ ಮಾಡಿಕೊಳ್ಳಬೇಡಿ. ಇದನ್ನು ಬಿಡಬಾರದು. ಆ ಚೀಟಿ ನೋಟಿನ ಹಾಗೆ ದುಡ್ಡಲ್ಲ. ಅಂಗಡಿಯವರು ಚಿಕ್ಕಮ್ಮನಿಗೆ 4,200 ರೂಪಾಯಿ ಬಾಕಿ ಇದ್ದಾರೆ ಅನ್ನುವುದಕ್ಕೆ ಅದೊಂದು ಸಾಕ್ಷಿ, ಅಷ್ಟೇ. ಸಾಕ್ಷಿ ಹೋದರೆ ಬಾಕಿ ಹೋಗುತ್ತದಾ? ಬೇರೆ ಸಾಕ್ಷಿ ಹುಡುಕಬೇಕು. ಅದು ಅವರ ಅಂಗಡಿಯಲ್ಲೇ ಇರುತ್ತದೆ.

ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ಒಂಬತ್ತು ವರ್ಷ ಬಟ್ಟೆ ಅಂಗಡಿಯ ಲೆಕ್ಕ ಬರೆದಿದ್ದೇನೆ. ಒಂದು ಸಲ ಸಿದ್ದಾಪುರ ಕಡೆಯ ಹಳ್ಳಿಯಿಂದ ಒಬ್ಬರು ಹೆಂಗಸು ಬಂದರು. ಕೈಯಲ್ಲಿ ಚೀಟಿ ಇಲ್ಲ. ಯಾವ ದಿನ ಬಂದಿದ್ದು ಅಂತ ಕೇಳಿದರೆ ತಾರೀಕು ನೆನಪಿಲ್ಲ, "ಹೋಳಿ ಹುಣ್ಣಿಮೆ ಮಾರನೇ ದಿನ" ಅಂದರು. ನಮಗೆ ಅಷ್ಟು ಸಾಕಾಯಿತು. ಆ ದಿನದ ಪುಸ್ತಕ ತೆಗೆದೆ. ಮೇಲಿನ ಹಾಳೆ ಅವರಿಗೆ ಹರಿದು ಕೊಟ್ಟಿದ್ದೆವು. ಕೆಳಗಿನ ಹಾಳೆಯಲ್ಲಿ ಕಾರ್ಬನ್ನಿನ ನೀಲಿ ಅಕ್ಷರ ಹಾಗೇ ಇತ್ತು. ಎರಡು ಲಂಗ, 860 ರೂಪಾಯಿ, ಪಕ್ಕದಲ್ಲಿ ಅವರದೇ ಸಹಿ. ಅವರು ಆ ಸಹಿಯ ಮೇಲೆ ಬೆರಳಿಟ್ಟು "ಇದು ನಂದೇ" ಅಂದರು. ಮಾಲೀಕರು ಡೂಪ್ಲಿಕೇಟ್ ಅಂತ ಬರೆದು ಹೊಸ ಚೀಟಿ ಕೊಟ್ಟರು. ಹಳೆಯ ನಂಬರಿನ ಮೇಲೆ ಕೆಂಪು ಗೆರೆ ಎಳೆದೆವು. ಹತ್ತು ನಿಮಿಷದ ಕೆಲಸ ಚಿಕ್ಕಮ್ಮ, ಹತ್ತೇ ನಿಮಿಷ.

ಈಗ ಎಲ್ಲ ಕಂಪ್ಯೂಟರಿನಲ್ಲಿದೆ, ಹುಡುಕುವುದು ಇನ್ನೂ ಸುಲಭ. ಮಾಲು ವಾಪಸ್ ಬಂದರೆ ಸ್ಟಾಕಿಗೆ ಸೇರಿಸಬೇಕು, ಇಲ್ಲದಿದ್ದರೆ ಲೆಕ್ಕವೇ ಕೂಡುವುದಿಲ್ಲ. ಜಿಎಸ್‌ಟಿ ಇರುವ ಅಂಗಡಿಯವರು ಈ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಕೊಡುವ ಕೊನೇ ದಿನದಿಂದ 72 ತಿಂಗಳು ಇಟ್ಟುಕೊಳ್ಳಲೇಬೇಕು. ಅಂದರೆ ಆರು ವರ್ಷ. ಎರಡು ತಿಂಗಳ ಹಿಂದಿನದು ಸಿಗುವುದಿಲ್ಲ ಅಂದರೆ ನಾನು ನಂಬುವುದಿಲ್ಲ.

ಅಂಗಡಿಯವರಿಗೂ ಒಂದು ಹೆದರಿಕೆ ಇರುತ್ತದೆ, ಅದನ್ನೂ ಹೇಳಬೇಕು. ನಿಮಗೆ ಹೊಸ ಚೀಟಿ ಕೊಟ್ಟ ಮೇಲೆ ಹಳೆಯದನ್ನು ಹಿಡಿದು ಇನ್ಯಾರೋ ಬಂದರೆ? ಆ ಭಯ ನ್ಯಾಯವಾದದ್ದೇ. ಅದಕ್ಕೇ ನಾವೇ ಬರೆದು ಕೊಡಬೇಕು: ಚೀಟಿ ಕಳೆದಿದೆ, ಅದರ ನಂಬರನ್ನು ರದ್ದು ಮಾಡಿ, ಮುಂದೆ ಸಿಕ್ಕರೆ ನಿಮಗೇ ತಂದು ಒಪ್ಪಿಸುತ್ತೇನೆ ಅಂತ. ಆದರೆ ಅಷ್ಟರೊಳಗೆ ಯಾರಾದರೂ ಅದನ್ನು ತೋರಿಸಿ ಸಾಮಾನು ಒಯ್ದಿದ್ದರೆ ನಮ್ಮ ಕಡೆ ಬಲ ಕಡಿಮೆ ಆಗುತ್ತದೆ. ಹಾಗಾಗಿ ತಡ ಮಾಡಬೇಡಿ.

ಇನ್ನು ಕಾನೂನು. ಕಳೆದ ಕ್ರೆಡಿಟ್ ನೋಟಿಗೆ ಬದಲಿ ಕೊಡಲೇಬೇಕು ಅಂತ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸೀದಾ ಒಂದು ಸಾಲು ಇಲ್ಲ. ಆದರೆ ನಿಮ್ಮ ವಿಷಯದಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಒಂದಿದೆ. ಸೀರೆ ದೋಷದ್ದು. ಬಣ್ಣ ಇಷ್ಟ ಆಗಲಿಲ್ಲ ಅಂತ ವಾಪಸ್ ಕೊಟ್ಟಿದ್ದರೆ, ತೆಗೆದುಕೊಳ್ಳುವುದು ಬಿಡುವುದು ಅಂಗಡಿಯವರ ನಿಯಮಕ್ಕೆ ಬಿಟ್ಟದ್ದು. ದೋಷ ಇದ್ದರೆ ಹಾಗಲ್ಲ. 2019ರ ಕಾಯ್ದೆ ಪ್ರಕಾರ, ದೋಷ ಇರುವ ಮಾಲನ್ನು ವಾಪಸ್ ತೆಗೆದುಕೊಂಡು ದುಡ್ಡು ಹಿಂದಿರುಗಿಸಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಇಷ್ಟು ದಿನ ಅಂತ ಬರೆದಿದ್ದರೆ ಅಷ್ಟು ದಿನದೊಳಗೆ, ಬರೆಯದಿದ್ದರೆ 30 ದಿನದೊಳಗೆ. ನೀವು ಐದನೇ ದಿನಕ್ಕೇ ಹೋಗಿದ್ದೀರಿ. ಅವತ್ತೇ ಕೈಗೆ ದುಡ್ಡು ಕೇಳುವ ಹಕ್ಕು ನಿಮಗಿತ್ತು. "ನಮ್ಮಲ್ಲಿ ಕ್ಯಾಶ್ ವಾಪಸ್ ಇಲ್ಲ" ಅಂತ ಗೋಡೆಗೆ ಬೋರ್ಡ್ ಹಾಕಿದ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ. ಇದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿಲ್ಲ ನೋಡಿ. ನನಗೆ ನಿಜಕ್ಕೂ ಸಂಕಟ ಆಗುವುದು ಇಲ್ಲೇ. ಬೋರ್ಡ್ ಓದಿ ತಲೆ ತಗ್ಗಿಸಿ ಹೊರಗೆ ಬಂದ ಎಷ್ಟೋ ಜನರನ್ನು ಕೌಂಟರಿನ ಒಳಗೆ ಕೂತು ನೋಡಿದ್ದೇನೆ.

ಈಗ ಮಾಡಬೇಕಾದದ್ದು ಹೇಳುತ್ತೇನೆ. ಸೀರೆಗೆ ಫೋನ್‌ಪೇಯಲ್ಲಿ ದುಡ್ಡು ಹಾಕಿದ್ದು ಅಂದಿದ್ದಿರಿ ಅಲ್ವಾ? ಹಿಸ್ಟರಿಯಲ್ಲಿ ಏಪ್ರಿಲ್‌ಗೆ ಹೋಗಿ ಆ ಪಾವತಿ ತೆರೆಯಿರಿ. ಅದರಲ್ಲಿ ಯುಟಿಆರ್ ಅಂತ ಒಂದು ಉದ್ದ ನಂಬರು ಇರುತ್ತದೆ, ಅದು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ. ಬ್ಯಾಂಕಿನ ಮೆಸೇಜನ್ನೂ ಅಳಿಸಬೇಡಿ. ವಾಪಸ್ ಕೊಟ್ಟ ದಿನ ಕೌಂಟರಿನಲ್ಲಿ ಮೊಬೈಲ್ ನಂಬರ್ ಕೇಳಿರುತ್ತಾರೆ, ಅದು ಅವರ ಕಂಪ್ಯೂಟರಿನಲ್ಲಿದೆ. ನಿಮ್ಮ ಜೊತೆ ತಂಗಿ ಇದ್ದಳು, ಅವಳೂ ಸಾಕ್ಷಿ. ಸೆರಗಿನ ಫೋಟೋ ಅವತ್ತು ಇದೇ ಗ್ರೂಪಿಗೆ ಹಾಕಿದ್ದಿರಿ. ನಾನು ಈಗಷ್ಟೇ ಹಿಂದಕ್ಕೆ ಹೋಗಿ ನೋಡಿದೆ. ಫೋಟೋ ಇದೆ, ತಾರೀಕೂ ಇದೆ. ನೇಯ್ಗೆ ಬಿಟ್ಟ ಜಾಗ ಸರಿಯಾಗಿ ಕಾಣುತ್ತದೆ.

ಇಷ್ಟನ್ನೂ ಸೇರಿಸಿ ಒಂದು ಪತ್ರ. ಫೋನಿನಲ್ಲಿ ಆಡಿದ ಮಾತಿಗೆ ಗುರುತು ಉಳಿಯುವುದಿಲ್ಲ. ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಯನ್ನು ಈ ಸಲ ಕೈಗೆ ಬಂದ ಕೂಡಲೇ ಫೋಟೋ ತೆಗೆದಿಡಿ. ಹದಿನೈದು ದಿನ ಗಡುವು ಕೊಡೋಣ. ಬದಲಿ ಚೀಟಿ ಕೊಡಿ, ಇಲ್ಲವೇ 4,200 ವಾಪಸ್ ಕೊಡಿ ಅಂತ. ಬೈಗುಳ ಬೇಡ, ಸಮಾಧಾನದಲ್ಲೇ ಬರೆಯೋಣ. ಕೌಂಟರಿನಲ್ಲಿ ಕೂತ ಹುಡುಗರಿಗೆ ಇದನ್ನು ತೀರ್ಮಾನಿಸುವ ಅಧಿಕಾರ ಇರುವುದಿಲ್ಲ. ಅವರ ಮೇಲೆ ಕೂಗಾಡಿ ಏನೂ ಆಗುವುದಿಲ್ಲ. ಪತ್ರ ಮಾಲೀಕರ ಹೆಸರಿಗೇ ಹೋಗಲಿ.

ಅದಕ್ಕೂ ಬಗ್ಗದಿದ್ದರೆ 1915. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅದು ಕೋರ್ಟ್ ಅಲ್ಲ, ದೂರನ್ನು ಅಂಗಡಿಯವರಿಗೆ ಮುಟ್ಟಿಸಿ ಉತ್ತರ ಕೇಳುತ್ತಾರೆ. ಆಮೇಲೆ ಜಿಲ್ಲಾ ಗ್ರಾಹಕರ ಆಯೋಗ. ಅದಕ್ಕೆ ಹುಬ್ಬಳ್ಳಿ ಕಡೆ ಓಡಾಡಬೇಕಾಗುತ್ತದೆ ಅಂತ ಭಾವ ಅಂದುಕೊಂಡಿರಬೇಕು. ಹಾಗಿಲ್ಲ. ಹೊಸ ಕಾಯ್ದೆಯಲ್ಲಿ ಗ್ರಾಹಕರು ತಾವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಮ್ಮ ಜಿಲ್ಲೆಯದು ಕಾರವಾರದಲ್ಲೇ ಇದೆ. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ. ವಕೀಲರೂ ಬೇಕೆಂದಿಲ್ಲ. ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಹಾಕಬಹುದು. ಎರಡು ವರ್ಷದ ಅವಧಿ ಇದೆ. ತೀರ್ಮಾನಕ್ಕೆ ಮೂರು ತಿಂಗಳು ಅಂತ ಕಾನೂನು ಹೇಳಿದರೂ ಜಾಸ್ತಿ ಆಗುವುದುಂಟು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಪತ್ರದಲ್ಲಿ ಆಯೋಗದ ಹೆಸರು ಕಂಡರೆ ಪುಸ್ತಕ ತೆಗೆಯುವ ಅಂಗಡಿಯವರೇ ಜಾಸ್ತಿ. ಇದು ನಾನು ಕಂಡದ್ದು.

ಉಳಿದವರಿಗೆ ಒಂದು ಮಾತು. ಮಷೀನಿನಿಂದ ಬರುವ ನುಣುಪು ಬಿಲ್ಲುಗಳಿಗೆ ಶಾಯಿ ಇರುವುದಿಲ್ಲ, ಅದು ಶಾಖಕ್ಕೆ ಮೂಡುವ ಅಕ್ಷರ. ಬಿಸಿಲು, ಎಣ್ಣೆ ಕೈ, ಪರ್ಸಿನ ಪ್ಲಾಸ್ಟಿಕ್ ಯಾವುದು ತಾಗಿದರೂ ಮಾಸಿ ಹೋಗುತ್ತದೆ. ಕಳೆಯದೇ ಇದ್ದರೂ ಆರು ತಿಂಗಳಿಗೆ ಬರೀ ಬಿಳಿ ಕಾಗದ ಉಳಿಯಬಹುದು. ಇವತ್ತೇ ಮನೆಯಲ್ಲಿರುವ ಫ್ರಿಜ್, ಮಿಕ್ಸಿ, ಇನ್ವರ್ಟರ್ ಬಿಲ್ಲುಗಳ ಫೋಟೋ ತೆಗೆದಿಡಿ.

ಚಿಕ್ಕಮ್ಮ, ಪತ್ರ ನಾನೇ ಬರೆದು ರಾತ್ರಿ ಕಳಿಸುತ್ತೇನೆ. ನೀವು ಸ್ಕ್ರೀನ್‌ಶಾಟ್ ಹಾಕಿ, ಸೀರೆ ವಾಪಸ್ ಕೊಟ್ಟ ತಾರೀಕನ್ನು ತಂಗಿಯ ಹತ್ತಿರ ಕೇಳಿ ಹೇಳಿ. ಅವತ್ತು ಒಯ್ದ ಕೈಚೀಲದ ಒಳಜೇಬನ್ನು ಇನ್ನೊಂದು ಸಲ ನೋಡಿಬಿಡಿ.