ಅಪ್‌ಡೇಟ್: ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಬಂದೆವು

ಅಮ್ಮನನ್ನು ಕರೆದುಕೊಂಡು ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಬಹುದಾ, ಮೀನೂಟ ಅಲ್ಲೇ ಸಿಗುತ್ತಾ ಅಂತ ಕೇಳಿದ್ದೆನಲ್ಲ, ಭಾನುವಾರ ಹೋಗಿ ಬಂದೆವು. ಬೆಳಗ್ಗೆ ಬೇಗ ಬೋಟ್ ಹಿಡಿಯಿರಿ ಅಂದವರಿಗೆ ಥ್ಯಾಂಕ್ಸ್, ವಾಪಸ್ ಬಂದಾಗ ಕ್ಯೂ ನೋಡಿಯೇ ಸುಸ್ತು.

ಆ ಕಲ್ಲಿನ ಕಂಬಗಳು! ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ ತಣ್ಣಗಾಗುತ್ತಾ ಬಿರುಕು ಬಿಟ್ಟು ಹಾಗಾಗಿದ್ದಂತೆ, ಅಮ್ಮನಿಗೆ ಮಾತ್ರ ಯಾರೋ ಪೆನ್ಸಿಲ್ ಜೋಡಿಸಿಟ್ಟ ಹಾಗೆ ಕಂಡಿತು. ದಡದ ತುಂಬ ಚಿಪ್ಪು, ಸುಮ್ನೆ ಬರಿಗಾಲಲ್ಲಿ ನಡೆದು ಹಿಮ್ಮಡಿ ಕೊಯ್ದುಕೊಂಡೆ.

ಊಟ ಮಲ್ಪೆಗೆ ಬಂದ ಮೇಲೇ. ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ (ಹುಳಿ-ಖಾರದ ಮೀನು ಸಾರು), ರವೆ ಹಚ್ಚಿ ಹುರಿದ ಕಾಣೆ ಮೀನು. ಮುಳ್ಳು ಬಿಡಿಸಲು ಬಾರದ ನಾನು ಕಾಣೆಗೇ ಅಂಟಿಕೊಂಡೆ.

ಹ್ಞಾಂ, ಮಳೆಗಾಲದಲ್ಲಿ ಬೋಟ್ ಇರುವುದಿಲ್ಲ, ಜುಲೈಗೆ ಪ್ಲಾನ್ ಮಾಡಬೇಡಿ.