ಮುಸ್ಕಡೆ ವೈನ್ ಜೊತೆ ಏನು ತಿನ್ನಬೇಕು?

ಕರಾವಳಿಯವಳು:
ನಾನು ಮಂಗಳೂರಿನವಳು, ಈಗ ಫ್ರಾನ್ಸ್‌ನ ಲಿಯಾನ್‌ನಲ್ಲಿ ಓದುತ್ತಿದ್ದೇನೆ. ಶನಿವಾರ ಗೆಳತಿಯರು ಬಂದಿದ್ದರು, ಬಂಗುಡೆ ಪುಳಿಮುಂಚಿ ಮಾಡಿದ್ದೆ. ಮೀನಿಗೆ ಬಿಳಿ ವೈನ್ ಅಂತ ಕೇಳಿದ್ದರಿಂದ ಎರಡು ಬಾಟಲಿ ಮುಸ್ಕಡೆ ತಂದೆ. ಒಂದೇ ಗುಟುಕಿಗೆ ಎಲ್ಲರೂ ಮುಖ ಕಿವುಚಿದರು. ನೀರು ನೀರು, ಬರೀ ಹುಳಿ. ನಾಲಿಗೆ ಮೇಲೆ ಸಣ್ಣಗೆ ಚುರುಗುಟ್ಟಿತು ಬೇರೆ. ಬಾಟಲಿ ಕೆಟ್ಟಿತ್ತಾ? ಲೇಬಲ್ ಮೇಲೆ ‘ಸ್ಯುರ್ ಲಿ’ ಅಂತ ಇದೆ. ಇನ್ನೊಂದು ಬಾಟಲಿಗೆ ಏನು ಮಾಡಲಿ?

ನಾಂತ್ ಕನ್ನಡಿಗ:
ಕೆಟ್ಟಿಲ್ಲ, ದಯವಿಟ್ಟು ಚೆಲ್ಲಬೇಡಿ! ಒಂಬತ್ತು ವರ್ಷದಿಂದ ಪಶ್ಚಿಮ ಫ್ರಾನ್ಸ್‌ನ ನಾಂತ್‌ನಲ್ಲಿದ್ದೇನೆ, ಇದು ನಮ್ಮೂರ ವೈನ್. ದ್ರಾಕ್ಷಿಯ ಹೆಸರು ಮೆಲೋನ್ ದ ಬುರ್ಗೋನ್ಯ್. 1709ರ ಭೀಕರ ಚಳಿಗೆ ಇಲ್ಲಿನ ಬಳ್ಳಿಗಳು ಸತ್ತುಹೋದಾಗ, ಹಿಮ ತಡೆಯುತ್ತದೆ ಅಂತ ಇದನ್ನು ಜಾಸ್ತಿ ನೆಟ್ಟರು. ಸ್ವಂತ ಪರಿಮಳ ಕಡಿಮೆ. ಅದಕ್ಕೇ ಸ್ಯುರ್ ಲಿ, ಅಂದರೆ ‘ಗಸಿಯ ಮೇಲೆ’. ಹುದುಗು ಮುಗಿದ ಮೇಲೆ ಯೀಸ್ಟ್ ಗಸಿಯಾಗಿ ತಳ ಸೇರುತ್ತದೆ. ವೈನನ್ನು ಚಳಿಗಾಲ ಪೂರ್ತಿ ಆ ಗಸಿಯ ಮೇಲೆಯೇ ಬಿಟ್ಟು, ಅಲ್ಲಿಂದ ನೇರ ಬಾಟಲಿಗೆ ತುಂಬುತ್ತಾರೆ. ಹುದುಗಿದ ಹಿಟ್ಟಿನ ತೆಳು ವಾಸನೆ ಬರುವುದು ಅದರಿಂದ. ಚುರುಗುಟ್ಟಿದ್ದು ಒಳಗೆ ಉಳಿದ ಗ್ಯಾಸ್.

ಹೊಂದದೇ ಹೋಗಿದ್ದು ಪುಳಿಮುಂಚಿ. ಹುಣಸೆ ವೈನಿನ ರುಚಿ ತಿಂದುಹಾಕಿತು, ಖಾರಕ್ಕೆ ಉಳಿದ ಹುಳಿ ಚುಚ್ಚಿತು.

ನನಗೆ ಈ ವೈನ್ ಅರ್ಥವಾಗಿದ್ದು ನಾಂತ್‌ನ ತಲಾನ್ಸಾಕ್ ಮಾರ್ಕೆಟ್‌ನಲ್ಲಿ. ಸಿಂಪಿ ಮಾರುವವರು ಗಿಡ್ಡ ಚಾಕುವಿನಿಂದ ಚಿಪ್ಪು ಬಿಚ್ಚಿ ಮುಂದಿಟ್ಟರು. ನಾನು ನಿಂಬೆಹೋಳು ಎತ್ತಿಕೊಂಡೆ. ಅವರು ಅದನ್ನು ಪಕ್ಕಕ್ಕೆ ಸರಿಸಿ ಗ್ಲಾಸ್ ತೋರಿಸಿದರು. ಮೊದಲು ಚಿಪ್ಪಿನ ಉಪ್ಪುನೀರು, ಹಿಂದೆಯೇ ಒಂದು ಗುಟುಕು. ಸಪ್ಪೆ ಅಂದುಕೊಂಡಿದ್ದ ವೈನಿನಲ್ಲಿ ಹಸಿರು ಸೇಬು, ನಿಂಬೆ ಸಿಪ್ಪೆ ಎಲ್ಲ ಎದ್ದು ಬಂತು. ಈ ವೈನ್ ಊಟಕ್ಕೆ ನಿಂಬೆ ಹಿಂಡಿದ ಹಾಗೆ. ಉಪ್ಪು ಸಿಕ್ಕರೆ ಸಾಕು, ಅರಳುತ್ತದೆ.

ಲಿಯಾನ್‌ನಲ್ಲಿ ಮೂಲ್ (ಕಪ್ಪು ಚಿಪ್ಪಿನ ಮಸಲ್ಸ್) ಸಿಗುತ್ತದಲ್ವಾ? ಬೆಣ್ಣೆಯಲ್ಲಿ ಸಣ್ಣ ಈರುಳ್ಳಿ ಬಾಡಿಸಿ, ಮೂಲ್ ಹಾಕಿ, ಇದೇ ವೈನ್ ಒಂದು ಲೋಟ ಸುರಿದು ಮುಚ್ಚಿ. ಮರುವಾಯಿ ಬೇಯಿಸಿದ ಹಾಗೇ. ಚಿಪ್ಪು ಬಾಯಿ ಬಿಟ್ಟ ಕೂಡಲೇ ಇಳಿಸಿ. ಮೆಣಸಿನಕಾಯಿ ಮಾತ್ರ ಬೇಡ. ಬಾಟಲಿಯನ್ನು ಫ್ರಿಜ್‌ನಿಂದ ಹತ್ತು ನಿಮಿಷ ಮೊದಲೇ ಹೊರಗಿಡಿ. ತೀರಾ ತಣ್ಣಗಿದ್ದರೆ ರುಚಿ ಮುಚ್ಚಿಹೋಗುತ್ತದೆ.

ತುಮಕೂರಿನವ:
ನಾನು ಸಸ್ಯಾಹಾರಿ. ಮೇಕೆ ಹಾಲಿನ ತಾಜಾ ಚೀಸ್ ಜೊತೆ ಕುಡಿದಿದ್ದೇನೆ, ತುಂಬಾ ಹೊಂದುತ್ತದೆ. ಒಂದು ಮಾತು: ಕೆಲವರು ವೈನ್ ತಿಳಿಯಾಗಿಸಲು ಮೊಟ್ಟೆಯ ಬಿಳಿ ಅಥವಾ ಮೀನಿನ ಅಂಟು ಬಳಸುತ್ತಾರೆ. ನಮ್ಮಂಥವರು ‘ವೀಗನ್’ ಗುರುತು ನೋಡಿ ಕೊಳ್ಳುವುದು ಒಳ್ಳೆಯದು.

ಕರಾವಳಿಯವಳು:
ನಿನ್ನೆ ಮೂಲ್ ಮಾಡಿದೆ. ಬಾಟಲಿ ಖಾಲಿ! ಪಾತ್ರೆಯ ತಳದ ರಸಕ್ಕೂ ಬ್ರೆಡ್ ಅದ್ದಿಕೊಂಡು ತಿಂದೆವು. ಅಂಗಡಿಯಲ್ಲಿ ‘ಕ್ಲಿಸ್ಸೋನ್’ ಅಂತ ಬರೆದಿದ್ದ ಮುಸ್ಕಡೆಯೂ ಇತ್ತು, ಬೆಲೆ ಜಾಸ್ತಿ. ಅದೂ ಹೀಗೇನಾ?

ನಾಂತ್ ಕನ್ನಡಿಗ:
ಬಹಳ ಖುಷಿಯಾಯಿತು. ಕ್ಲಿಸ್ಸೋನ್ ನಾಂತ್ ಹತ್ತಿರದ ಒಂದು ಊರು, ಅಲ್ಲಿನ ಮುಸ್ಕಡೆ ಬೇರೆಯೇ. ಗ್ರಾನೈಟ್ ನೆಲದ್ದು, ಗಸಿಯ ಮೇಲೆ ಎರಡು ವರ್ಷ ಕೂತಿರುತ್ತದೆ. 2011ರಲ್ಲಿ ಅದಕ್ಕೆ ಪ್ರತ್ಯೇಕ ಮಾನ್ಯತೆ ಸಿಕ್ಕಿತು. ಮೈ ತುಂಬಿಕೊಂಡ ವೈನ್, ಸಿಂಪಿಗೆ ಸ್ವಲ್ಪ ಭಾರವೇ. ಬೆಣ್ಣೆ ಸಾಸ್ ಹಾಕಿದ ಹೊಳೆ ಮೀನು ಮಾಡಿದ ದಿನ ತೆಗೆಯಿರಿ.